ಕಲ್ಲಿನ ಮೇಲಿನ ಹೆಸರು



ನಮ್ಮ ಬೋರಗಾಂವ, ನಿಪ್ಪಾಣಿ, ಚಿಕ್ಕೋಡಿ ಕಡೆ ಮಿಲ್ಟ್ರಿಗೆ ಹೋದವರ ಮನೆಗಳು ಬಹಳ. ಬೆಳಗಾವಿಯಲ್ಲಿ ಮರಾಠಾ ದಳದ ತರಬೇತಿ ಕೇಂದ್ರ ಇದೆ. ಅದು 1922ರಿಂದ ಅಲ್ಲಿದೆ.

ಯುದ್ಧಕ್ಕೆ ಹೋದವರಲ್ಲಿ ಕೆಲವರು ತಿರುಗಿ ಬರಲಿಲ್ಲ. ಅವರ ಗುರುತು ಎಲ್ಲಿದೆ? ಅದನ್ನು ಹುಡುಕುವವರ ಮಾತು ಇದು.

1914ರಿಂದ 1918ರವರೆಗೆ ಮೊದಲ ಮಹಾಯುದ್ಧ ನಡೆಯಿತು. ಆಗ ನಮ್ಮ ದೇಶವನ್ನು ಬ್ರಿಟಿಷರು ಆಳುತ್ತಿದ್ದರು. ಭಾರತದ 13 ಲಕ್ಷಕ್ಕೂ ಹೆಚ್ಚು ಜನ ಆ ಯುದ್ಧದ ಕೆಲಸಕ್ಕೆ ಹೋದರು. ಸುಮಾರು 74,000 ಮಂದಿ ಸತ್ತರು. ಮರಾಠಾ ಪಲ್ಟನ್‌ಗಳು ಇರಾಕ್ ದೇಶದಲ್ಲಿ ಹೋರಾಡಿದವು. ಅಲ್ಲಿಯ ಕುಟ್ ಎಂಬ ಊರಲ್ಲಿ ಶತ್ರುಗಳು ಅವರನ್ನು ಸುತ್ತುಗಟ್ಟಿದರು. ತಿನ್ನಲು ಕಾಳಿಲ್ಲದೆ ಸಿಪಾಯಿಗಳು ಸೊರಗಿದರು. 1916ರ ಏಪ್ರಿಲ್‌ನಲ್ಲಿ ಉಳಿದವರು ಸೆರೆಯಾದರು.

ಸತ್ತವರ ನೆನಪು ಕಾಯಲು 1917ರಲ್ಲಿ ಒಂದು ಆಯೋಗ ಆಯಿತು. ಈಗ ಅದಕ್ಕೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಎನ್ನುತ್ತಾರೆ. ಎರಡು ಮಹಾಯುದ್ಧಗಳಲ್ಲಿ ಸತ್ತ ಸುಮಾರು 17 ಲಕ್ಷ ಜನರ ಲೆಕ್ಕ ಅದರ ಬಳಿ ಇದೆ. ಸಾಹೇಬನಿರಲಿ, ಸಿಪಾಯಿ ಇರಲಿ, ಎಲ್ಲರಿಗೂ ಒಂದೇ ಮರ್ಯಾದೆ ಎಂಬುದು ಅದರ ನಿಯಮ.

ಆದರೆ ಇರಾಕ್‌ನ ಬಸ್ರಾ ಸ್ಮಾರಕದಲ್ಲಿ ಹಾಗೆ ಆಗಲಿಲ್ಲ. ಅಲ್ಲಿ ಅಧಿಕಾರಿಗಳ ಹೆಸರು ಕೆತ್ತಿದರು. ಭಾರತದ ಸಾಮಾನ್ಯ ಸಿಪಾಯಿಗಳು ಎಷ್ಟು ಮಂದಿ ಎಂದು ಬರೀ ಸಂಖ್ಯೆ ಕೆತ್ತಿದರು. ತಾಯಿ ಇಟ್ಟ ಹೆಸರು ಕಲ್ಲಿನ ಮೇಲೆ ಬರಲಿಲ್ಲ. ಇಂಥ ಭೇದ ಮಾಡಿದ್ದು ತಪ್ಪು ಎಂದು ಆಯೋಗ 2021ರಲ್ಲಿ ಕ್ಷಮೆ ಕೇಳಿತು.

ಹಳೆ ಮುಂಬಯಿ ಪ್ರಾಂತ್ಯದ ಹಲವು ಹಳ್ಳಿಗಳಲ್ಲೂ ಇಂಥ ಕಲ್ಲುಗಳಿವೆ. ಈ ಊರಿನಿಂದ ಇಷ್ಟು ಜನ ಹೋದರು, ಇಷ್ಟು ಜನ ಸತ್ತರು ಎಂದಷ್ಟೇ ಅದರಲ್ಲಿ ಇರುತ್ತದೆ. ಯಾರು ಎಂದು ಇರುವುದಿಲ್ಲ.

ಈಗ ದೇಶದೇಶಗಳಲ್ಲಿ ಸ್ವಯಂಸೇವಕರು ಒಂದು ಕೆಲಸ ಮಾಡುತ್ತಿದ್ದಾರೆ. ಅವರಿಗೆ ಪಗಾರ ಇಲ್ಲ. ಯುದ್ಧ ಸ್ಮಶಾನಗಳಿಗೆ ಹೋಗಿ ಒಂದೊಂದು ಕಲ್ಲಿನ ಫೋಟೋ ತೆಗೆಯುತ್ತಾರೆ. ನಮಗೆ ಹತ್ತಿರ ಅಂದರೆ ಪುಣೆಯ ಖಡಕಿಯಲ್ಲಿ ಇಂಥ ಸ್ಮಶಾನ ಇದೆ. ದೂರದಲ್ಲಿರುವ ಮನೆಯವರು ಫೋಟೋದಲ್ಲಿ ಆ ಹೆಸರು ನೋಡುತ್ತಾರೆ. ದಹನ ಮಾಡಿದವರಿಗೆ ಸಮಾಧಿ ಇರುವುದಿಲ್ಲ. ಅವರ ಹೆಸರನ್ನು ಸ್ಮಾರಕದ ಗೋಡೆಯ ಮೇಲೆ ಹುಡುಕಬೇಕು.

ಫೋಟೋ ಹೇಗೆ ತೆಗೆಯಬೇಕು? ಬೆಳಗಿನ ಓರೆ ಬಿಸಿಲಿನಲ್ಲಿ ಅಕ್ಷರ ಚೆನ್ನಾಗಿ ಕಾಣುತ್ತವೆ. ಕಲ್ಲಿನ ಎದುರಿಗೆ ನೇರ ನಿಲ್ಲಬೇಕು. ಕಲ್ಲನ್ನು ಕೆರೆಯಬಾರದು. ಸುಣ್ಣ, ಬಣ್ಣ ಹಚ್ಚಬಾರದು. ಆಮೇಲೆ ನಂಬರು, ಹುದ್ದೆ, ಹೆಸರು, ಪಲ್ಟನ್, ಸತ್ತ ದಿನ ಬರೆದುಕೊಳ್ಳಬೇಕು.

ಅಕ್ಕಂದಿರೇ, ಇದು ನಮ್ಮ ಕೈಲೂ ಆಗುವ ಕೆಲಸ. ಆ ಕಾಲದಲ್ಲಿ ಗಂಡ ಸತ್ತ ಕಾಗದ ಬಂದರೆ, ಅದನ್ನು ಓದಲು ಎಷ್ಟೋ ಹೆಂಗಸರಿಗೆ ಬರುತ್ತಿರಲಿಲ್ಲ. ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಬೇಕಿತ್ತು. ಹೆಸರು ಅವರ ಬಾಯಲ್ಲಿ ಇತ್ತು. ಬರೆದಿಡಲು ಅಕ್ಷರ ಇರಲಿಲ್ಲ. ಅವರು ಹೋದ ಮೇಲೆ ಹೆಸರೂ ಹೋಯಿತು.

ಈಗ ನಿಮಗೆ ಅಕ್ಷರ ಬಂದಿದೆ. ಮನೆಯ ಹಿರಿಯರನ್ನು ಕೇಳಿರಿ. ನಮ್ಮವರು ಯಾರು ಮಿಲ್ಟ್ರಿಗೆ ಹೋದರು? ಯಾವ ಪಲ್ಟನ್? ಯಾವ ವರ್ಷ? ಟ್ರಂಕಿನಲ್ಲಿ ಪದಕ ಇದ್ದರೆ ಅದರ ಅಂಚು ನೋಡಿರಿ. ಬ್ರಿಟಿಷರ ಕಾಲದ ಎಷ್ಟೋ ಪದಕಗಳ ಅಂಚಿನಲ್ಲಿ ನಂಬರು, ಹೆಸರು ಇರುತ್ತವೆ. ಅದನ್ನು ಮೊಬೈಲಿನಲ್ಲಿ ಆಯೋಗದ ಪಟ್ಟಿಯ ಜೊತೆ ತಾಳೆ ನೋಡಬಹುದು. ಶಾಲೆಗೆ ಹೋಗುವ ಮಕ್ಕಳ ನೆರವು ಪಡೆಯಿರಿ.

ಇಂದು ರಾತ್ರಿ ಒಂದು ಹಾಳೆ ತೆಗೆದುಕೊಳ್ಳಿರಿ. ಅವರ ಹೆಸರು ಬರೆಯಿರಿ. ಅವರ ತಾಯಿಯ ಹೆಸರನ್ನೂ ಬರೆಯಿರಿ. ಅದನ್ನು ಯಾವ ಕಲ್ಲಿನ ಮೇಲೂ ಕೆತ್ತಿರುವುದಿಲ್ಲ.