‘ಒಪ್ಪುತ್ತೇನೆ’ ಒತ್ತುವ ಮುನ್ನ

ಪುಣೆಯ ಹಿಂಜವಡಿಗೆ ಬಂದ ಹೊಸತು. ಬಾಡಿಗೆ ಮನೆಯಲ್ಲಿ ಚಾಪೆ, ಲ್ಯಾಪ್‌ಟಾಪ್ ಬಿಟ್ಟರೆ ಏನೂ ಇರಲಿಲ್ಲ. ಮಂಚ, ಫ್ರಿಜ್, ವಾಷಿಂಗ್ ಮಷಿನ್ ಮೂರನ್ನೂ ಒಂದು ಆ್ಯಪ್‌ನಲ್ಲಿ ತಿಂಗಳ ಬಾಡಿಗೆಗೆ ತರಿಸಿಕೊಂಡೆ. 8,000 ರೂಪಾಯಿ ಠೇವಣಿ. ‘ನಿಯಮಗಳಿಗೆ ಒಪ್ಪುತ್ತೇನೆ’ ಎಂಬಲ್ಲಿ ಬೆರಳಿಟ್ಟೆ, ಕೆಲಸ ಮುಗಿಯಿತು. ಓದಿದೆನೇ? ಇಲ್ಲ. ನೀವೂ ಓದಿರಲಿಕ್ಕಿಲ್ಲ.

ಏಳು ತಿಂಗಳಿಗೆ ಮದುವೆಯಾಗಿ ಖರಾಡಿಯಲ್ಲಿ ಬೇರೆ ಮನೆ ಹಿಡಿದೆ, ಸಾಮಾನು ಹಿಂದಿರುಗಿಸಿದೆ. ‘ಒಂದು ವರ್ಷಕ್ಕಿಂತ ಮೊದಲೇ ಬಿಟ್ಟಿದ್ದೀರಿ, ಠೇವಣಿ ಬರುವುದಿಲ್ಲ’ ಎಂದರು. ಬಿಲ್ ತೆಗೆದು ನೋಡಿದರೆ ನಾನು ಕೇಳದೇ ಇದ್ದ ‘ಹಾನಿ ರಕ್ಷಣೆ’ಗೆ ತಿಂಗಳಿಗೆ 149 ರೂಪಾಯಿ ಹೋಗಿತ್ತು. ಆ ಪೆಟ್ಟಿಗೆ ಮೊದಲೇ ಟಿಕ್ ಆಗಿತ್ತಂತೆ. ಕೊನೆಗೊಂದು ಷರತ್ತು: ವ್ಯಾಜ್ಯವೇನಿದ್ದರೂ ದೆಹಲಿಯಲ್ಲೇ.

ಕೋಪಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಹಿಂದಿನ ಕಂಪನಿಯಲ್ಲಿ ಇಂಥದ್ದೇ ಪೇಮೆಂಟ್ ಪುಟಕ್ಕೆ ಕೋಡ್ ಬರೆದವನು ನಾನು. ಪೆಟ್ಟಿಗೆ ತಾನಾಗಿ ಟಿಕ್ ಆಗಲು ಒಂದೇ ಸಾಲು ಸಾಕು. ಅಂದು ಅದು ಯಾರ ಜೇಬಿನ ದುಡ್ಡು ಎಂದು ಯೋಚಿಸಿರಲಿಲ್ಲ.

ಇಲ್ಲಿನ ಕೋರ್ಟಿನಲ್ಲಿ ವಕೀಲಿಕೆ ಮಾಡುವ ಬೆಳಗಾವಿಯ ಗೆಳೆಯನಿಗೆ ಫೋನ್ ಮಾಡಿದೆ. ‘ದಿಲ್ಲಿಗೆ ಯಾಕ ಹೋಗ್ತಿ? ನೀ ಎಲ್ಲಿ ಇರ್ತಿಯೋ, ಎಲ್ಲಿ ದುಡಿತಿಯೋ ಅಲ್ಲೇ ದೂರು ಕೊಡಾಕ ಬರ್ತದ’ ಎಂದ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಟ್ಟ ಅನುಕೂಲವಿದು. ನಮ್ಮಂಥ ಪರಊರಿನವರಿಗೆ ಇದು ದೊಡ್ಡ ಮಾತು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ, ದೂರನ್ನು ಆನ್‌ಲೈನ್‌ನಲ್ಲೇ ಸಲ್ಲಿಸಬಹುದು.

ಆನ್‌ಲೈನ್ ಕರಾರು ಕಾನೂನಿನ ಕಣ್ಣಲ್ಲಿ ಕರಾರೇ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಂ ಅದನ್ನು ಒಪ್ಪುತ್ತದೆ. ಆದ್ದರಿಂದ ‘ಓದಿರಲಿಲ್ಲ’ ಎಂದಷ್ಟೇ ಹೇಳಿದರೆ ಸಾಲದು. ಆದರೆ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮೊದಲೇ ಟಿಕ್ ಮಾಡಿದ ಪೆಟ್ಟಿಗೆ ಗ್ರಾಹಕರ ಸಮ್ಮತಿಯಾಗದು. ಕುಂದುಕೊರತೆ ಅಧಿಕಾರಿ 48 ಗಂಟೆಯಲ್ಲಿ ದೂರು ತಲುಪಿದೆ ಎನ್ನಬೇಕು, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ಗ್ರಾಹಕರನ್ನು ಯಾಮಾರಿಸುವ ಇಂಥ 13 ಬಗೆಯ ವಿನ್ಯಾಸಗಳನ್ನು 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪಟ್ಟಿ ಮಾಡಿ ನಿಷೇಧಿಸಿದೆ.

ತೊಡಕಿದ್ದದ್ದು ಠೇವಣಿಯಲ್ಲಿ. ನಷ್ಟಕ್ಕೆ ಹೊಂದದ ದಂಡ ಹಾಕುವ ಷರತ್ತನ್ನು ಕಾಯ್ದೆ ‘ಅನ್ಯಾಯದ ಕರಾರು’ ಎನ್ನುತ್ತದೆ. ಆದರೆ ಅದನ್ನು ಪ್ರಶ್ನಿಸಲು ಜಿಲ್ಲಾ ಆಯೋಗ ಸಾಲದು, ರಾಜ್ಯ ಆಯೋಗಕ್ಕೇ ಹೋಗಬೇಕು. 8,000 ರೂಪಾಯಿಗೆ ಯಾರು ಹೋಗುತ್ತಾರೆ? ಕಂಪನಿಗೂ ಗೊತ್ತಿರುವುದು ಅದೇ.

ಕಂಪನಿಯ ಅಧಿಕಾರಿಗೆ ಮೇಲ್ ಕಳಿಸಿದೆ, ಉತ್ತರ ಬರಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆ. ಮೂರು ವಾರಕ್ಕೆ ‘ಹಾನಿ ರಕ್ಷಣೆ’ಯ 1,043 ರೂಪಾಯಿ ಪೂರ್ತಿ, ಠೇವಣಿಯಲ್ಲಿ ಅರ್ಧ ಮರಳಿತು. ಉಳಿದ ಅರ್ಧವನ್ನು ಬಿಟ್ಟುಕೊಟ್ಟೆ. ಗೆದ್ದೆನೋ ಸೋತೆನೋ, ಇಂದಿಗೂ ಹೇಳಲಾರೆ.

ಈಗ ದುಡ್ಡು ಕಟ್ಟುವ ಮೊದಲು ಮೂರು ವಿಷಯ ಹುಡುಕುತ್ತೇನೆ: ರದ್ದತಿ, ಠೇವಣಿ, ಟಿಕ್ ಆದ ಪೆಟ್ಟಿಗೆ. ಪುಟದ ಸ್ಕ್ರೀನ್‌ಶಾಟ್ ತೆಗೆದಿಡುತ್ತೇನೆ, ನಿಯಮಗಳನ್ನು ಅವರು ನಾಳೆ ಬದಲಿಸಬಹುದು. ಕಳೆದ ತಿಂಗಳು ಆಫೀಸಿನಲ್ಲಿ ಹೊಸ ಪುಟವೊಂದು ನನ್ನ ಪರಿಶೀಲನೆಗೆ ಬಂತು. ಅದರಲ್ಲೂ ಒಂದು ಪೆಟ್ಟಿಗೆ ಮೊದಲೇ ಟಿಕ್ ಆಗಿತ್ತು. ತೆಗೆಯಿರಿ ಎಂದು ಬರೆದು ವಾಪಸ್ ಕಳಿಸಿದೆ.