ಗಾಯಕರ ಹೆಸರು ಯಾರ ಸ್ವತ್ತು?

ಕೆಲವು ತಿಂಗಳ ಹಿಂದೆ ತರುಣ ಗಾಯಕಿಯೊಬ್ಬರು ನನ್ನನ್ನು ಕಾಣಲು ಬಂದಿದ್ದರು. ಕಂಠ ಸೊಗಸಾಗಿದೆ, ಸುಗಮ ಸಂಗೀತದಲ್ಲಿ ನಾಲ್ಕು ಜನ ಗುರುತಿಸುವ ಮಟ್ಟಕ್ಕೆ ಬಂದಿದ್ದಾರೆ. ಆದರೆ ತಂದೆತಾಯಿಗಳು ಇಟ್ಟ ಹೆಸರು ವೇದಿಕೆಗೆ ಸಪ್ಪೆಯೆಂದು ಅವರಿಗೆ ತೋರಿದೆ. ಎರಡೇ ಪದಗಳ ಇಂಪಾದ ಹೆಸರೊಂದನ್ನು ಆರಿಸಿಕೊಂಡು, ಅದನ್ನು ಟ್ರೇಡ್ ಮಾರ್ಕ್ ಆಗಿ ನೋಂದಾಯಿಸುವ ಅರ್ಜಿಯನ್ನೂ ತುಂಬಿ ತಂದಿದ್ದರು. ತೊಡಕು ಒಂದೇ. ಅದೇ ಹೆಸರಿನಲ್ಲಿ ಹಿರಿಯ ಮಹಿಳೆಯೊಬ್ಬರು ಇನ್ನೊಂದು ಜಿಲ್ಲೆಯ ಜಾತ್ರೆ, ಉತ್ಸವ, ಭಜನಾ ಸಪ್ತಾಹಗಳಲ್ಲಿ ಮೂವತ್ತು ವರ್ಷಗಳಿಂದ ಹಾಡುತ್ತಿದ್ದಾರೆ.

"ಅವರು ನೋಂದಣಿ ಮಾಡಿಸಿಲ್ಲ ಸರ್. ನಾನು ಮೊದಲು ಮಾಡಿಸಿದರೆ ಹೆಸರು ನನ್ನದೇ ಆಗುತ್ತದಲ್ಲವೇ?" ಎಂದು ಕೇಳಿದರು.

ಆಗುವುದಿಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದಿತ್ತು. ಆದರೆ ಆ ಒಂದು ಮಾತಿನ ಹಿಂದೆ ಕಾನೂನಿನ ಚರಿತ್ರೆಯೂ ಸಂಗೀತದ ಚರಿತ್ರೆಯೂ ಹೆಣೆದುಕೊಂಡಿವೆ. ಅಂದು ಅವರಿಗೆ ಹೇಳಿದ್ದನ್ನೇ ಇಂದು ತಮ್ಮ ಮುಂದೆ ಕೊಂಚ ವಿಸ್ತರಿಸಿ ಹೇಳುತ್ತಿದ್ದೇನೆ.

ಮೊದಲನೆಯ ಕಥೆ ರೇಡಿಯೋಗೇ ಸಂಬಂಧಪಟ್ಟದ್ದು. ಅಮೆರಿಕದ ಅರ್ಕಾನ್ಸಾಸ್ ರಾಜ್ಯದಲ್ಲಿ, ಮಿಸಿಸಿಪ್ಪಿ ನದಿಯ ದಂಡೆಯ ಮೇಲೆ, ಹೆಲೆನಾ ಎಂಬ ಪಟ್ಟಣವಿದೆ. 1941ರ ನವೆಂಬರಿನಲ್ಲಿ ಅಲ್ಲಿಯ ಕೆ.ಎಫ್.ಎಫ್.ಎ. ನಿಲಯದಿಂದ ಮಧ್ಯಾಹ್ನದ ಊಟದ ವೇಳೆಗೆ ಬ್ಲೂಸ್ ಸಂಗೀತದ ಕಾರ್ಯಕ್ರಮವೊಂದು ಆರಂಭವಾಯಿತು. ಹಿಟ್ಟಿನ ವ್ಯಾಪಾರಿಗಳು ಅದರ ಪ್ರಾಯೋಜಕರು. ಅವರ ಹಿಟ್ಟಿನ ಹೆಸರಿನಿಂದಲೇ ಕಾರ್ಯಕ್ರಮಕ್ಕೂ 'ಕಿಂಗ್ ಬಿಸ್ಕಿಟ್ ಟೈಮ್' ಎಂದು ಹೆಸರು. ಅಲ್ಲಿ ಮೌತ್ ಆರ್ಗನ್ ನುಡಿಸಿ ಹಾಡುತ್ತಿದ್ದ ಕಲಾವಿದನ ನಿಜವಾದ ಹೆಸರು ಅಲೆಕ್ ಮಿಲ್ಲರ್. ಊರವರ ಬಾಯಲ್ಲಿ ಆತ ರೈಸ್ ಮಿಲ್ಲರ್. ರೇಡಿಯೋದಲ್ಲಿ ಮಾತ್ರ ಸನ್ನಿ ಬಾಯ್ ವಿಲಿಯಂಸನ್!

ಆ ಹೆಸರಿನ ಒಡೆಯ ಆಗ ಷಿಕಾಗೋ ನಗರದಲ್ಲಿ ಬದುಕಿದ್ದ. ಟೆನೆಸಿಯಲ್ಲಿ 1914ರಲ್ಲಿ ಹುಟ್ಟಿದ ಜಾನ್ ಲೀ ವಿಲಿಯಂಸನ್ ಎಂಬಾತ 1937ರಿಂದ ಸನ್ನಿ ಬಾಯ್ ಎಂಬ ಹೆಸರಿನಲ್ಲೇ ಧ್ವನಿಮುದ್ರಿಕೆಗಳನ್ನು ಕೊಟ್ಟು ಖ್ಯಾತನಾಗಿದ್ದ. ಆತ ನುಡಿಸುತ್ತಿದ್ದುದೂ ಮೌತ್ ಆರ್ಗನ್ನೇ. ಹೆಲೆನಾದ ಶ್ರೋತೃಗಳಿಗೆ ಭ್ರಮೆ ಹುಟ್ಟಲು ಇನ್ನೇನು ಬೇಕು? ವ್ಯಾಪಾರಿಗಳಂತೂ ಒಂದು ಹೆಜ್ಜೆ ಮುಂದೆ ಹೋಗಿ, ಮೆಕ್ಕೆಜೋಳದ ಹಿಟ್ಟಿನ ಚೀಲಕ್ಕೇ ಸನ್ನಿ ಬಾಯ್ ಎಂದು ಹೆಸರಿಟ್ಟು ಮಿಲ್ಲರನ ಚಿತ್ರವನ್ನು ಅಚ್ಚು ಹಾಕಿಸಿದರು. ಜಾನ್ ಲೀ 1948ರಲ್ಲಿ ಷಿಕಾಗೋದ ಬೀದಿಯಲ್ಲಿ ದರೋಡೆಗೆ ಸಿಕ್ಕಿ ಕೊಲೆಯಾದ. ಆಗ ಅವನಿಗೆ ಮೂವತ್ತನಾಲ್ಕು ವರ್ಷ. ಮಿಲ್ಲರ್ ಅದೇ ಹೆಸರಿನಲ್ಲಿ 1951ರಲ್ಲಿ ತನ್ನ ಮೊದಲ ಮುದ್ರಿಕೆಯನ್ನು ಕೊಟ್ಟ, 1963ರಲ್ಲಿ ಯುರೋಪಿನಲ್ಲಿ ಹಾಡಿ ಮನ್ನಣೆ ಪಡೆದ, ನಿಜವಾದ ಸನ್ನಿ ಬಾಯ್ ತಾನೇ ಎಂದು ಸಾಧಿಸುತ್ತಲೇ 1965ರಲ್ಲಿ ತೀರಿಕೊಂಡ. ಸಂಗೀತದ ಇತಿಹಾಸಕಾರರು ಈಗ ಅರಸರಿಗೆ ಮಾಡುವಂತೆ ಒಂದನೆಯ ಸನ್ನಿ ಬಾಯ್, ಎರಡನೆಯ ಸನ್ನಿ ಬಾಯ್ ಎಂದು ಅಂಕೆ ಹಾಕಿ ಕರೆಯುತ್ತಾರೆ.

ನನ್ನ ಕಿವಿಗೆ ಎರಡನೆಯವನೇ ಹೆಚ್ಚಿನ ಕಲಾವಿದ. ಇದನ್ನು ಒಪ್ಪಿಕೊಳ್ಳಲು ಸಂಕೋಚವಿದೆ; ಆದರೂ ಸತ್ಯ. ಹೆಸರು ಎರವಲಿನದು, ಸಂಗೀತ ಸ್ವಂತದ್ದು. ಕಾನೂನು ಕೇಳುವ ಪ್ರಶ್ನೆ ಮಾತ್ರ ಬೇರೆ. ಯಾರು ಚೆನ್ನಾಗಿ ಹಾಡಿದರು ಎಂಬುದನ್ನು ಅದು ವಿಚಾರಿಸುವುದಿಲ್ಲ. ಹೆಸರನ್ನು ಕೇಳಿದ ಜನ ಯಾರನ್ನು ನೆನೆದು ಕಾಸು ಬಿಚ್ಚಿದರು ಎಂದು ವಿಚಾರಿಸುತ್ತದೆ.

ಇನ್ನೊಂದು ಪ್ರಸಂಗ ಈಚಿನದು. ನ್ಯಾಶ್‌ವಿಲ್ ನಗರದ ಪ್ರಸಿದ್ಧ ತಂಡವೊಂದಕ್ಕೆ 'ಲೇಡಿ ಆಂಟಿಬೆಲಮ್' ಎಂದು ಹೆಸರಿತ್ತು. ಆಂಟಿಬೆಲಮ್ ಎಂದರೆ ಅಂತರ್ಯುದ್ಧಕ್ಕೆ ಹಿಂದಿನ ಕಾಲ. ಅಮೆರಿಕದ ದಕ್ಷಿಣದಲ್ಲಿ ಅದು ಗುಲಾಮಗಿರಿಯ ಕಾಲ. 2020ರ ಮೇ ತಿಂಗಳಿನಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆಯಾಗಿ ದೇಶವೇ ಕಲಕಿಹೋದಾಗ, ತಂಡದವರು ಜೂನ್ ತಿಂಗಳಿನಲ್ಲಿ ಆ ಪದವನ್ನು ಕೈಬಿಟ್ಟು 'ಲೇಡಿ ಎ' ಎಂದು ಕರೆದುಕೊಂಡರು. ಉದ್ದೇಶ ಒಳ್ಳೆಯದೇ. ಆದರೆ ಸಿಯಾಟಲ್ ನಗರದಲ್ಲಿ ಆನಿಟಾ ವೈಟ್ ಎಂಬ ಕಪ್ಪು ಮಹಿಳೆ ದಶಕಗಳಿಂದ ಲೇಡಿ ಎ ಎಂಬ ಹೆಸರಿನಲ್ಲಿ ಬ್ಲೂಸ್ ಹಾಡುತ್ತಿದ್ದರು. ಕಪ್ಪು ಜನರ ನೋವಿಗೆ ಮರುಗಿ ಹೆಸರು ಬದಲಿಸಿದವರು ಕಪ್ಪು ಗಾಯಕಿಯ ಹೆಸರನ್ನೇ ತೆಗೆದುಕೊಂಡಂತಾಯಿತು.

ತಂಡದವರು 2010ರಲ್ಲೇ ಆ ಹೆಸರಿಗೆ ಅರ್ಜಿ ಹಾಕಿದ್ದರು, ಆಗ ಯಾರೂ ಆಕ್ಷೇಪಿಸಿರಲಿಲ್ಲ, ನೋಂದಣಿಯೂ ಆಗಿತ್ತು. ವೈಟ್ ನೋಂದಣಿ ಮಾಡಿಸಿರಲಿಲ್ಲ. ಸಂಧಾನ ಮುರಿದುಬಿದ್ದಿತು. ಆಕೆ ಒಂದು ಕೋಟಿ ಡಾಲರು ಕೇಳಿದರು. ಅದರಲ್ಲಿ ಅರ್ಧ ದಾನಕ್ಕೆಂದು ಹೇಳಿದರು. ಜುಲೈ ತಿಂಗಳಿನಲ್ಲಿ ತಂಡದವರು ಹೆಸರು ಬಳಸಲು ತಮಗೆ ಹಕ್ಕಿದೆಯೆಂದು ಘೋಷಿಸಬೇಕೆಂದು ನ್ಯಾಯಾಲಯಕ್ಕೆ ಹೋದರು. ಸೆಪ್ಟೆಂಬರಿನಲ್ಲಿ ವೈಟ್ ಪ್ರತಿಯಾಗಿ ದಾವೆ ಹೂಡಿದರು. 2022ರ ಆರಂಭದಲ್ಲಿ ರಾಜಿಯಾಯಿತು. ರಾಜಿಯ ಷರತ್ತುಗಳು ಹೊರಬರಲಿಲ್ಲ. ಆಕೆಯ ಮುಖ್ಯ ದೂರು ಹಣದ್ದಾಗಿರಲಿಲ್ಲವೆಂದು ನನಗನ್ನಿಸುತ್ತದೆ. ಅಂತರಜಾಲದಲ್ಲಿ ತನ್ನ ಹೆಸರನ್ನು ಹುಡುಕಿದವರಿಗೆ ಈಗ ಆ ತಂಡದ ಹಾಡುಗಳೇ ಎದುರಾಗುತ್ತವೆ, ತಾನು ಕಾಣೆಯಾಗಿದ್ದೇನೆ ಎಂಬುದು ಆಕೆಯ ಅಳಲು. ಸಣ್ಣ ಕಲಾವಿದೆಗೆ ಹೆಸರೊಂದೇ ಆಸ್ತಿ. ಅದನ್ನು ಕಸಿಯಲು ಕಳ್ಳನೇ ಬರಬೇಕಿಲ್ಲ, ದೊಡ್ಡವರು ಪಕ್ಕಕ್ಕೆ ಬಂದು ನಿಂತರೆ ಸಾಕು.

ಎಲ್ಲರೂ ಹೀಗೆ ಜಗಳಕ್ಕೆ ನಿಲ್ಲುವುದಿಲ್ಲ. ಇಂಗ್ಲೆಂಡಿನ ಡೇವಿಡ್ ಜೋನ್ಸ್ ಎಂಬ ತರುಣ, ಡೇವಿ ಜೋನ್ಸ್ ಎಂಬ ಇನ್ನೊಬ್ಬನಿರುವುದರಿಂದ 1965ರಲ್ಲಿ ಡೇವಿಡ್ ಬೋವಿ ಎಂದಾದ. ಬ್ಲಿಂಕ್ ಎಂಬ ಅಮೆರಿಕದ ತಂಡ, ಐರ್ಲೆಂಡಿನಲ್ಲಿ ಅದೇ ಹೆಸರಿನ ತಂಡವಿದೆಯೆಂದು ತಿಳಿದಾಗ ಬಾಲಕ್ಕೆ 182 ಎಂಬ ಅಂಕೆಯನ್ನು ಕಟ್ಟಿಕೊಂಡಿತು.

ನಮ್ಮಲ್ಲಿ ಈ ಸಮಸ್ಯೆಗೆ ಹಳೆಯದೊಂದು ಪರಿಹಾರವಿತ್ತು: ಹೆಸರಿನ ಮುಂದೆ ಊರು. 1912ರಲ್ಲಿ ಹುಟ್ಟಿದ ಇಬ್ಬರು ಮಣಿ ಅಯ್ಯರ್‌ಗಳು ಒಂದೇ ಕಾಲದಲ್ಲಿ ಕರ್ನಾಟಕ ಸಂಗೀತವನ್ನು ಬೆಳಗಿದರು. ಒಬ್ಬರು ಗಾಯಕರು, ಮಧುರೆಯವರು. ಇನ್ನೊಬ್ಬರು ಮೃದಂಗದವರು, ಪಾಲ್ಘಾಟಿನವರು. ಗೊಂದಲವೇ ಹುಟ್ಟಲಿಲ್ಲ. ಹರಿದಾಸರ ಅಂಕಿತಗಳನ್ನು ನೋಡಿ. ಪುರಂದರ ವಿಠಲ, ವಿಜಯ ವಿಠಲ, ಗೋಪಾಲ ವಿಠಲ, ಜಗನ್ನಾಥ ವಿಠಲ. ವಿಠಲ ಎಲ್ಲರಿಗೂ ಸೇರಿದವನು; ಮುಂದಿನ ಪದ ಮಾತ್ರ ಒಬ್ಬೊಬ್ಬರದು. ಅದೂ ತಾವಾಗಿ ಆರಿಸಿಕೊಂಡದ್ದಲ್ಲ, ಗುರು ಕೊಟ್ಟದ್ದು. ಗಂಧರ್ವರ ವಿಷಯವಂತೂ ಇನ್ನೂ ಸ್ವಾರಸ್ಯ. ಮರಾಠಿ ರಂಗಭೂಮಿಯ ನಾರಾಯಣರಾವ್ ರಾಜಹಂಸರು ಬಾಲಗಂಧರ್ವರೆನಿಸಿದರು. ನಮ್ಮ ಕುಂದಗೋಳದ ರಾಮಚಂದ್ರರಾಯರು ಸವಾಯಿ ಗಂಧರ್ವರೆನಿಸಿದರು. ಸವಾಯಿ ಎಂದರೆ ಒಂದೂಕಾಲು ಪಾಲು. ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರಯ್ಯ ಬಾಲ್ಯದಲ್ಲೇ ಕುಮಾರ ಗಂಧರ್ವರೆನಿಸಿದರು. ಒಬ್ಬರ ಬಿರುದಿಗಿಂತ ಕಾಲು ಪಾಲು ಹೆಚ್ಚೆಂದು ಇನ್ನೊಬ್ಬರ ಬಿರುದೇ ಸಾರಿಬಿಡುವುದು! ಇಂದಿನ ವಕೀಲರ ಕೈಗೆ ಸಿಕ್ಕಿದ್ದರೆ ಒಂದು ನೋಟೀಸು ಖಂಡಿತ ಹೊರಡುತ್ತಿತ್ತು.

ಇನ್ನು ಕಾನೂನಿಗೆ ಬರೋಣ. ನಮ್ಮ ದೇಶದಲ್ಲಿ ಈಗ ನಡೆಯುತ್ತಿರುವುದು 1999ರ ಟ್ರೇಡ್ ಮಾರ್ಕ್ ಕಾಯಿದೆ. 2003ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದಿತು. ಸಂಗೀತ ಕಚೇರಿಗೆ 41ನೆಯ ವರ್ಗ, ಧ್ವನಿಮುದ್ರಣಕ್ಕೆ 9ನೆಯ ವರ್ಗ. ಅರ್ಜಿ ಪರಿಶೀಲನೆಯಾಗಿ ಇಲಾಖೆಯ ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ ಆಕ್ಷೇಪಕ್ಕೆ ನಾಲ್ಕು ತಿಂಗಳ ಅವಕಾಶವಿದೆ. ನೋಂದಣಿ ಹತ್ತು ವರ್ಷ ಬಾಳುತ್ತದೆ, ಮತ್ತೆ ನವೀಕರಿಸಬಹುದು. 'ಗಾನಕೋಗಿಲೆ'ಯಂಥ ಬರಿಯ ಹೊಗಳಿಕೆಯ ಪದಗಳಿಗೆ ನೋಂದಣಿ ಸುಲಭವಾಗಿ ಸಿಕ್ಕದು.

ನಮ್ಮ ಗಾಯಕಿಯ ಪ್ರಶ್ನೆಗೆ ಉತ್ತರವಿರುವುದು ಈ ಕಾಯಿದೆಯ 34ನೆಯ ಪ್ರಕರಣದಲ್ಲಿ. ನೋಂದಾಯಿಸಿದವರಿಗಿಂತ ಮೊದಲಿನಿಂದ ಹೆಸರನ್ನು ಎಡೆಬಿಡದೆ ಬಳಸುತ್ತ ಬಂದವರನ್ನು ಆ ನೋಂದಣಿ ತಡೆಯಲಾರದು. ಅಷ್ಟೇ ಅಲ್ಲ, ತನ್ನ ಹೆಸರಿನ ಮರೆಯಲ್ಲಿ ಇನ್ನೊಬ್ಬರು ಜನರನ್ನು ಭ್ರಮೆಗೊಳಿಸುತ್ತಿದ್ದಾರೆಂದು ಮೊದಲಿನವರೇ ದಾವೆ ಹೂಡಬಹುದು. ತಿರುನೆಲ್ವೇಲಿಯ 'ಇರುಟ್ಟುಕಡೈ' ಹಲ್ವಾ ಅಂಗಡಿಯ ಹೆಸರಿನ ವ್ಯಾಜ್ಯದಲ್ಲಿ, ನೋಂದಣಿಯ ಹಕ್ಕಿಗಿಂತ ಮೊದಲ ಬಳಕೆಯ ಹಕ್ಕು ಮೇಲೆಂದು ಸುಪ್ರೀಂ ಕೋರ್ಟು 2015ರಲ್ಲಿ ಎತ್ತಿಹಿಡಿಯಿತು. ಹಲ್ವಾಕ್ಕೆ ಸಲ್ಲುವ ನ್ಯಾಯ ಹಾಡಿಗೂ ಸಲ್ಲುತ್ತದೆ.

ಆದರೆ ಮೊದಲ ಬಳಕೆಯನ್ನು ಬಾಯಿಮಾತಿನಲ್ಲಿ ಸಾಧಿಸಲಾಗದು. ಕರಪತ್ರ, ಆಮಂತ್ರಣ, ಸಂಭಾವನೆಯ ರಸೀತಿ, ಧ್ವನಿಮುದ್ರಿಕೆಯ ಹೊದಿಕೆ, ಹೀಗೆ ತಾರೀಖಿರುವ ಕಾಗದ ಬೇಕು. ನಮ್ಮ ಹಳ್ಳಿಯ ಕಲಾವಿದರು ಸೋಲುವುದು ಇಲ್ಲಿಯೇ. ಹಾಡಿ, ತಾಂಬೂಲ ತೆಗೆದುಕೊಂಡು, ಕೊನೆಯ ಬಸ್ಸು ಹಿಡಿದವರು ಕಾಗದವನ್ನು ಕಾದಿಡುವುದುಂಟೇ?

"ಅರ್ಜಿಯನ್ನು ಬದಿಗಿಡಿ. ಮೊದಲು ಆ ತಾಯಿಯನ್ನು ಹೋಗಿ ಕಂಡು ಬನ್ನಿ" ಎಂದು ಹೇಳಿ ಕಳುಹಿಸಿದೆ. ಮುಖ ಸ್ವಲ್ಪ ಬಾಡಿತು. ಮತ್ತೆ ಬರುತ್ತಾರೆಂದು ನಾನು ಎಣಿಸಿರಲಿಲ್ಲ.

ಮೂರು ವಾರದ ಮೇಲೆ ಬಂದರು. ತಮ್ಮ ಹೆಸರಿನ ಮುಂದೆ ಊರ ಹೆಸರನ್ನು ಸೇರಿಸಿಕೊಳ್ಳುವುದೆಂದು ನಿಶ್ಚಯಿಸಿದ್ದರು. ಕೈಯಲ್ಲಿ ಅದೇ ನಮೂನೆಯ ಹೊಸ ಅರ್ಜಿಯಿತ್ತು. ಅರ್ಜಿದಾರರ ಜಾಗದಲ್ಲಿ ಆ ಹಿರಿಯರ ಹೆಸರಿತ್ತು. ಜೊತೆಗೆ ಅವರ ಟ್ರಂಕಿನ ತಳದಲ್ಲಿ ಸಿಕ್ಕಿದ ಒಂದೇ ಒಂದು ಕರಪತ್ರ, ಮಡಿಕೆಯಲ್ಲಿ ಹರಿದದ್ದು. ಹೆಸರನ್ನು ಎಂದಿನಿಂದ ಬಳಸುತ್ತಿದ್ದೀರಿ ಎಂಬ ಅಂಕಣ ಮಾತ್ರ ಖಾಲಿ. ಕರಪತ್ರದಲ್ಲಿ ಇಸವಿಯೇ ಇರಲಿಲ್ಲ. ಶ್ರೀಮುಖ ಸಂವತ್ಸರದ ಮಾಘ ಶುದ್ಧದಲ್ಲಿ ರಥೋತ್ಸವ ಎಂದಷ್ಟೇ ಇತ್ತು. ಲೆಕ್ಕ ಹಾಕಿದೆ: 1994ರ ಫೆಬ್ರವರಿ. ಅಂಕಣವನ್ನು ಅವರೇ ತುಂಬಿದರು.