ಹೊಸ ಕಡಲ ತೊಟ್ಟಿಗೆ ಬಸವನಹುಳು ಯಾವಾಗ?

ಮನೆಯಲ್ಲಿ ಸಮುದ್ರದ ಉಪ್ಪುನೀರಿನ ಅಕ್ವೇರಿಯಂ ಇಟ್ಟಿದ್ದೇನೆ. ಪಾಚಿ ತಿನ್ನುವ ಬಸವನಹುಳು, ಏಡಿಗಳನ್ನು ಮೊದಲ ದಿನವೇ ಏಕೆ ಬಿಡಬಾರದು? ನಮ್ಮ ಕೃಷ್ಣಾ ನದಿಯ ಜುರಾಲಾ ಅಣೆಕಟ್ಟಿನ ಹಿನ್ನೀರಿನ ಬಸವನಹುಳು ನಡೆಯುತ್ತದೆಯೇ?
– ಓದುಗರೊಬ್ಬರು, ಮಕ್ತಲ್

ಎರಡನೆಯದಕ್ಕೆ ಮೊದಲು ಉತ್ತರ: ನಡೆಯುವುದಿಲ್ಲ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅದು ಕೃಷ್ಣೆಯ ಸಿಹಿನೀರಿನ ಹುಳುವಿನ ಮೈಯಿಂದ ನೀರನ್ನು ಹೀರಿಬಿಡುತ್ತದೆ. ಕಡಲ ಜಾತಿಯನ್ನೇ ತರಬೇಕು.

ಇನ್ನು ಕಾಯುವುದೇಕೆ? ಹಾಲಿಗೆ ಹೆಪ್ಪು ಹಾಕಿದ ಕೂಡಲೇ ಮೊಸರಾಗುವುದಿಲ್ಲವಲ್ಲ, ತೊಟ್ಟಿಯೂ ಹಾಗೆಯೇ. ಇಲ್ಲಿ ಹೆಪ್ಪೆಂದರೆ ಕಲ್ಲು, ಮರಳಿಗೆ ಅಂಟಿದ ಬ್ಯಾಕ್ಟೀರಿಯಾ. ಪ್ರಾಣಿಗಳ ಹೊಲಸು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಎರಡೂ ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಮೊಸರಿನಷ್ಟು ಬೇಗ ಅಲ್ಲ ಅನ್ನಿ!

ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾಗಿ, ಗಾಜಿನ ಮೇಲೆ ಕಂದು ಪೊರೆ ಕಂಡಾಗ ಹುಳುಗಳಿಗೆ ಊಟ ಸಿದ್ಧ ಎಂದರ್ಥ. ಆಗಲೂ ನಾಲ್ಕೈದೇ ಸಾಕು. ಅಂಗಡಿಯವರು ಹೇಳಿದಷ್ಟು ತಂದರೆ ಪಾಚಿ ಮುಗಿದು ಅವು ಹಸಿವಿನಿಂದ ಸಾಯುತ್ತವೆ, ಸತ್ತವು ಮತ್ತೆ ಅಮೋನಿಯಾ ಆಗುತ್ತವೆ. ತಂದವನ್ನು ನೇರವಾಗಿ ಸುರಿಯದೆ, ತೊಟ್ಟಿಯ ನೀರನ್ನು ಅವುಗಳ ಚೀಲಕ್ಕೆ ಹನಿಹನಿಯಾಗಿ ಬೆರೆಸಿ ಒಗ್ಗಿಸಿ.

ತಾಮ್ರವಿರುವ ಮೀನಿನ ಔಷಧಿಯನ್ನಂತೂ ಆ ತೊಟ್ಟಿಗೆ ಹಾಕಲೇಬೇಡಿ. ಮೀನು ಉಳಿದರೂ ಬಸವನಹುಳು ಉಳಿಯದು.